ಲ್ಯಾಪ್‌ಟಾಪ್‌ನೊಳಗಿನ ಸಿಮ್ ನೆಟ್ ಕೊಡದಾಗ: ಗಡಿಯ ಊರಿನವರಿಗೆ ದೋಷ ನಿವಾರಣೆ ಕೈಪಿಡಿ

ನಮ್ಮ ಮನೆ ಕೇರಳ-ಕರ್ನಾಟಕ ಗಡಿಯಲ್ಲಿ, ಕಾಸರಗೋಡು ಜಿಲ್ಲೆಯ ಪೆರ್ಲದಿಂದ ಸ್ವಲ್ಪ ಒಳಗೆ, ಒಂದು ಬೈಲಿನಲ್ಲಿ. ಸುತ್ತ ಅಡಿಕೆ ತೋಟ, ಅದರ ಸುತ್ತ ಗುಡ್ಡೆ. ಮಳೆಗಾಲದಲ್ಲಿ ರಬ್ಬರ್ ಮರದ ಒಂದು ಗೆಲ್ಲು ಬಿದ್ದರೆ ಸಾಕು, ಫೈಬರ್ ವಯರ್ ತುಂಡಾಗುತ್ತದೆ. ಸರಿಯಾಗಲು ಕೆಲವೊಮ್ಮೆ ನಾಲ್ಕೈದು ದಿನ. ನಾನು ಮನೆಯಲ್ಲೇ ಕುಳಿತು ಲೆಕ್ಕಪತ್ರದ ಕೆಲಸ ಮಾಡುವವಳು. ಮಳೆ ಬಂತೆಂದು ರಿಟರ್ನ್ ಸಲ್ಲಿಸುವ ದಿನ ಮುಂದೆ ಹೋಗುವುದಿಲ್ಲ. ಹಾಗಾಗಿ ಸಿಮ್ ಹಾಕುವ ಲ್ಯಾಪ್‌ಟಾಪ್ ತೆಗೆದುಕೊಂಡೆ. ಈಗ ನಮ್ಮ ಸುತ್ತಮುತ್ತ ಹೀಗೆ ಮಾಡಿದವರು ಬೇರೆಯೂ ಇದ್ದಾರೆ. ಬೆಂಗಳೂರಿನಿಂದ ಊರಿಗೆ ಬಂದು ಕೆಲಸ ಮಾಡುವ ಮಕ್ಕಳ ಆಫೀಸ್ ಲ್ಯಾಪ್‌ಟಾಪ್‌ಗಳಲ್ಲೂ ಸಿಮ್ ಜಾಗ ಇರುತ್ತದೆ.

ಅದು ನಡೆದರೆ ಬಹಳ ಸುಖ. ನಿಂತರೆ ಎಲ್ಲಿ ನಿಂತಿತು ಎಂದೇ ತಿಳಿಯುವುದಿಲ್ಲ. ಆಗ ಜನ ಸಿಮ್ ತೆಗೆದು ಹಾಕುತ್ತಾರೆ, ಒಳಗಿನ ಭಾಗಗಳನ್ನು ನಡೆಸುವ ಡ್ರೈವರ್ ತಂತ್ರಾಂಶ ಅಳಿಸುತ್ತಾರೆ, ಕೊನೆಗೆ ವಿಂಡೋಸನ್ನೇ ಹೊಸದಾಗಿ ಹಾಕಿಸುತ್ತಾರೆ. ಅಷ್ಟೆಲ್ಲ ಬೇಡ. ತೋಟಕ್ಕೆ ನೀರು ಬಾರದಿದ್ದರೆ ನಾವು ಮೊದಲೇ ಸ್ಪ್ರಿಂಕ್ಲರ್ ಬಿಚ್ಚುವುದಿಲ್ಲ ಅಲ್ವಾ? ಪಂಪಿನಿಂದ ಹೊರಟು ಪೈಪಿನ ಉದ್ದಕ್ಕೆ ನಡೆಯುತ್ತೇವೆ. ಎಲ್ಲಿವರೆಗೆ ನೀರು ಉಂಟು, ಎಲ್ಲಿಂದ ಇಲ್ಲ ಎಂದು ನೋಡುತ್ತೇವೆ. ಇಲ್ಲೂ ಅದೇ ಕ್ರಮ. ಲ್ಯಾಪ್‌ಟಾಪ್‌ಗೆ ಕಾರ್ಡ್ ಕಾಣಬೇಕು. ಕಾರ್ಡ್ ಎಂದರೆ ಇಲ್ಲಿ ಸಿಮ್ ಅಲ್ಲ, ಟವರಿನೊಡನೆ ಮಾತಾಡುವ ಒಳಗಿನ ಮೋಡೆಮ್ ಕಾರ್ಡ್. ಕಾರ್ಡ್‌ಗೆ ಸಿಮ್ ಕಾಣಬೇಕು. ಸಿಮ್ಮನ್ನು ಟವರ್ ಒಪ್ಪಬೇಕು. ಆಮೇಲೆ ಡಾಟಾ ಕೊಂಡಿ ಏಳಬೇಕು. ಕೊನೆಗೆ ಆ ಕೊಂಡಿಯಲ್ಲಿ ನೆಟ್ ಹರಿಯಬೇಕು. ಯಾವ ಹಂತದಲ್ಲಿ ನಿಂತಿದೆ ಎಂದು ಗೊತ್ತಾದರೆ ಅರ್ಧ ಕೆಲಸ ಆಯಿತು.

ಮೆನುಗಳ ಹೆಸರನ್ನು ವಿಂಡೋಸ್ 11ರಲ್ಲಿ ಇರುವಂತೆ ಹೇಳಿದ್ದೇನೆ. 10ರಲ್ಲೂ ಹೆಚ್ಚುಕಡಿಮೆ ಅವೇ. ಆಜ್ಞೆಗಳನ್ನು ಇಲ್ಲಿ ಕನ್ನಡದಲ್ಲಿ ಬರೆದಿದ್ದರೂ ಇಂಗ್ಲಿಷ್ ಅಕ್ಷರದಲ್ಲೇ ಟೈಪ್ ಮಾಡಬೇಕು.

ಮೊದಲು ಫೋನಿನಲ್ಲಿ ನೋಡಿ

ಲ್ಯಾಪ್‌ಟಾಪ್‌ನ ಸಿಮ್ಮನ್ನು ತೆಗೆದು ಫೋನಿಗೆ ಹಾಕಿ. ಫೋನಿನ ವೈಫೈ ಆಫ್ ಮಾಡಿ. ಲ್ಯಾಪ್‌ಟಾಪ್ ಇಟ್ಟ ಅದೇ ಮೇಜಿನ ಮೇಲೆ ಇಟ್ಟು ಒಂದು ಪುಟ ತೆರೆಯಿರಿ. ಫೋನಿನಲ್ಲೂ ಬಾರದಿದ್ದರೆ ದೋಷ ಸಿಮ್ಮಿನಲ್ಲಿ, ರೀಚಾರ್ಜ್‌ನಲ್ಲಿ ಅಥವಾ ಟವರಿನಲ್ಲಿ. ಹೊಸ ಸಿಮ್ ಆದರಂತೂ ಫೋನಿನಲ್ಲೇ ಚಾಲೂ ಮಾಡಿಸಿಕೊಳ್ಳಿ. ಅದಕ್ಕೆ ಕರೆ ಮಾಡಬೇಕಾಗುತ್ತದೆ, ಒಟಿಪಿ ಬರುತ್ತದೆ. ಅವು ಲ್ಯಾಪ್‌ಟಾಪ್‌ನಲ್ಲಿ ಸುಲಭವಲ್ಲ.

ನಮ್ಮ ಕಡೆ ಇನ್ನೊಂದು ಮಾತನ್ನು ನೆನಪಿಡಬೇಕು. ಜೋರು ಗಾಳಿ ಮಳೆಗೆ ಕರೆಂಟ್ ಹೋದರೆ ಟವರ್ ಬ್ಯಾಟರಿಯಲ್ಲಿ ಕೆಲವು ಗಂಟೆ ನಡೆಯುತ್ತದೆ. ಆಮೇಲೆ ಅದೂ ನಿಲ್ಲುತ್ತದೆ. ಬೆಳಗ್ಗೆ ಇದ್ದ ರೇಂಜ್ ಸಂಜೆಗೆ ಇಲ್ಲವಾದರೆ, ನೆರೆಮನೆಯವರ ಅದೇ ಕಂಪನಿಯ ಫೋನನ್ನೂ ಒಮ್ಮೆ ನೋಡಿ. ಅವರಿಗೂ ಇಲ್ಲವಾದರೆ ಲ್ಯಾಪ್‌ಟಾಪ್ ಮುಟ್ಟಬೇಡಿ. ಕರೆಂಟ್ ಬರಲಿ.

ಫೋನಿನಲ್ಲಿ ಸರಿ ಬಂದರೆ? ಸಿಮ್ ಚೆನ್ನಾಗಿದೆ ಎಂದಷ್ಟೇ ಅರ್ಥ. ಲ್ಯಾಪ್‌ಟಾಪ್ ಹಾಳಾಗಿದೆ ಎಂದು ಅರ್ಥವಲ್ಲ. ಗಡಿಯಲ್ಲಿ ಇರುವವರು ಈ ವ್ಯತ್ಯಾಸವನ್ನು ಮರೆಯಲೇಬಾರದು. ಯಾಕೆಂದು ರೋಮಿಂಗ್ ಮಾತು ಬರುವಾಗ ಹೇಳುತ್ತೇನೆ.

ಕಾರ್ಡ್ ಇದೆಯೇ?

ಸಿಮ್ ಹಾಕುವ ತೂತು ಇದ್ದ ಮಾತ್ರಕ್ಕೆ ಒಳಗೆ ಕಾರ್ಡ್ ಇರುತ್ತದೆ ಎಂದು ಹೇಳಲಾಗದು. ಒಂದೇ ಮಾಡೆಲ್‌ನ ಲ್ಯಾಪ್‌ಟಾಪ್ ಕಾರ್ಡ್ ಇರುವುದೂ ಬರುತ್ತದೆ, ಇಲ್ಲದ್ದೂ ಬರುತ್ತದೆ. ಕೆಲವದರಲ್ಲಿ ಆಂಟೆನಾ ವಯರ್ ಮಾತ್ರ ಇರುತ್ತದೆ. ಕೆಲವದರಲ್ಲಿ ಅದೂ ಇಲ್ಲ, ತೂತು ಮಾತ್ರ. ಹಳೆಯ ಆಫೀಸ್ ಲ್ಯಾಪ್‌ಟಾಪ್ ಕೊಳ್ಳುವವರು ಇದನ್ನು ಅಂಗಡಿಯಲ್ಲೇ ನೋಡಿಕೊಳ್ಳಬೇಕು. ಮನೆಗೆ ಬಂದ ಮೇಲೆ ಬೇಸರ ಪಟ್ಟವರನ್ನು ನಾನು ಕಂಡಿದ್ದೇನೆ.

ನೋಡುವುದು ಹೀಗೆ. ಸೆಟ್ಟಿಂಗ್ಸ್‌ನಲ್ಲಿ ನೆಟ್‌ವರ್ಕ್ ಅಂಡ್ ಇಂಟರ್‌ನೆಟ್ ತೆರೆಯಿರಿ. ಅಲ್ಲಿ ಸೆಲ್ಯುಲರ್ ಎಂಬ ಸಾಲು ಇದ್ದರೆ ಕಾರ್ಡ್ ಕಂಡಿದೆ. ಇಲ್ಲವಾದರೆ ಡಿವೈಸ್ ಮ್ಯಾನೇಜರ್‌ನಲ್ಲಿ ನೆಟ್‌ವರ್ಕ್ ಅಡಾಪ್ಟರ್ಸ್ ಬಿಚ್ಚಿ ನೋಡಿ. ಮೊಬೈಲ್ ಬ್ರಾಡ್‌ಬ್ಯಾಂಡ್ ಎಂಬ ಹೆಸರು ಇರಬೇಕು. ಹಳದಿ ಗುರುತು ಇದ್ದರೆ ಡ್ರೈವರ್ ಸಮಸ್ಯೆ. ಲ್ಯಾಪ್‌ಟಾಪ್ ಕಂಪನಿಯ ಪುಟದಿಂದಲೇ ಡ್ರೈವರ್ ತೆಗೆದು ಹಾಕಿ, ಬೇರೆ ಕಡೆಯಿಂದ ಬೇಡ. ಹೆಸರೇ ಇಲ್ಲವಾದರೆ ಮೊದಲು ಏರೋಪ್ಲೇನ್ ಮೋಡ್ ನೋಡಿ. ಹಳೆಯ ಲ್ಯಾಪ್‌ಟಾಪ್‌ಗಳಲ್ಲಿ ಬದಿಯಲ್ಲೊಂದು ಸಣ್ಣ ರೇಡಿಯೊ ಸ್ವಿಚ್ ಇರುತ್ತದೆ, ಅದನ್ನೂ ನೋಡಿ. ಆಮೇಲೆ ಬಯೋಸ್‌ಗೆ, ಅಂದರೆ ವಿಂಡೋಸ್ ಏಳುವ ಮೊದಲು ಬರುವ ಸೆಟ್ಟಿಂಗ್ ಪುಟಕ್ಕೆ, ಹೋಗಿ ವೈರ್‌ಲೆಸ್ ವ್ಯಾನ್ (ಈ ಕಾರ್ಡ್‌ನ ಇನ್ನೊಂದು ಹೆಸರು) ಎಂಬುದು ಆನ್ ಇದೆಯೇ ಎಂದು ನೋಡಿ. ಆಫೀಸ್‌ನವರು ಅಲ್ಲಿ ಆಫ್ ಮಾಡಿಟ್ಟಿರುವುದು ಉಂಟು.

ನಿನ್ನೆವರೆಗೆ ಇದ್ದ ಕಾರ್ಡ್ ಇವತ್ತು ಮಾಯವಾದರೆ ಪೂರ್ತಿ ಬಂದ್ ಮಾಡಿ. ವಿಂಡೋಸ್‌ನಲ್ಲಿ ಸುಮ್ನೆ ಶಟ್‌ಡೌನ್ ಕೊಟ್ಟರೆ ಫಾಸ್ಟ್ ಸ್ಟಾರ್ಟಪ್‌ನಿಂದಾಗಿ ಅದು ಪೂರ್ತಿ ಬಂದ್ ಆಗಿರುವುದಿಲ್ಲ. ಶಿಫ್ಟ್ ಕೀ ಒತ್ತಿ ಹಿಡಿದು ಶಟ್‌ಡೌನ್ ಕೊಡಿ. ಅಥವಾ ರಿಸ್ಟಾರ್ಟ್ ಮಾಡಿ. ಇಷ್ಟಕ್ಕೇ ಕಾರ್ಡ್ ಮರಳಿ ಬಂದದ್ದನ್ನು ಎಷ್ಟೋ ಸಲ ನೋಡಿದ್ದೇನೆ.

ಬೇರೆ ಕಾರ್ಡ್ ತಂದು ಹಾಕುವ ಯೋಚನೆ ಇದ್ದರೆ ಒಂದು ಎಚ್ಚರಿಕೆ. ಈ ಕಾರ್ಡ್ ಎಂ.2 ಎಂಬ ಸಾಕೆಟ್‌ನಲ್ಲಿ ಕೂರುತ್ತದೆ. ಸಾಕೆಟ್ ಸರಿಯಾದರೂ ಕೆಲವು ಲ್ಯಾಪ್‌ಟಾಪ್‌ಗಳು ತಮ್ಮ ಪಟ್ಟಿಯಲ್ಲಿರುವ ಕಾರ್ಡ್‌ಗಳನ್ನು ಮಾತ್ರ ಒಪ್ಪುತ್ತವೆ. ಹಳೆಯ ಥಿಂಕ್‌ಪ್ಯಾಡ್‌ಗಳಲ್ಲಿ ಪಟ್ಟಿಯಲ್ಲಿಲ್ಲದ ಕಾರ್ಡ್ ಹಾಕಿದರೆ 1802 ಎಂಬ ದೋಷಸಂಖ್ಯೆ ಬಂದು ಯಂತ್ರ ಅಲ್ಲೇ ನಿಲ್ಲುತ್ತದೆ. ಕಾರ್ಡ್ ತೆಗೆದರೆ ಮತ್ತೆ ಏಳುತ್ತದೆ. ಹೆದರಬೇಕಿಲ್ಲ, ಆದರೆ ಕೊಟ್ಟ ದುಡ್ಡು ಹೋಯಿತು. ನಿಮ್ಮ ಮಾಡೆಲ್‌ಗೆ ಯಾವ ಕಾರ್ಡ್ ಎಂದು ಅದರ ಸರ್ವಿಸ್ ಪುಸ್ತಕದಲ್ಲಿ ಇರುತ್ತದೆ. ಅದನ್ನು ಓದದೆ ಕೊಳ್ಳಬೇಡಿ.

ಸಿಮ್ ಕಾಣುತ್ತಿದೆಯೇ?

ಸೆಲ್ಯುಲರ್ ಪುಟದಲ್ಲಿ ಸಿಮ್ ಹಾಕಿ ಎಂಬಂಥ ಮಾತು ಬಂದರೆ ಕಾರ್ಡ್‌ಗೆ ಸಿಮ್ ಸಿಕ್ಕಿಲ್ಲ. ಸಿಮ್ ತಲೆಕೆಳಗಾಗಿರಬಹುದು. ಪೂರ್ತಿ ಒಳಗೆ ಹೋಗದೆ ಇರಬಹುದು. ನ್ಯಾನೋ ಸಿಮ್ಮನ್ನು ಪ್ಲಾಸ್ಟಿಕ್ ಅಡಾಪ್ಟರ್‌ನಲ್ಲಿ ಕೂರಿಸಿ ದೊಡ್ಡ ತೂತಿಗೆ ಹಾಕುವವರು ಜಾಗ್ರತೆ ಮಾಡಬೇಕು. ಹೊರಗೆ ತೆಗೆಯುವಾಗ ಸಿಮ್ ಜಾರಿ ಒಳಗೇ ಉಳಿಯುತ್ತದೆ. ಆಮೇಲೆ ಲ್ಯಾಪ್‌ಟಾಪ್ ಬಿಚ್ಚಬೇಕಾಗುತ್ತದೆ. ಮಳೆಗಾಲದ ತೇವಕ್ಕೆ ಸಿಮ್ಮಿನ ಚಿನ್ನದ ಬಣ್ಣದ ಭಾಗ ಮಸುಕಾಗುವುದೂ ಉಂಟು. ಒಣ ಹತ್ತಿಬಟ್ಟೆಯಲ್ಲಿ ಮೆಲ್ಲಗೆ ಒರೆಸಿ. ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ 3000 ಮಿಲಿಮೀಟರ್ ದಾಟುವ ಮಳೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಉಪ್ಪಿಗೂ ನೀರು ಬಿಡುವ ಗಾಳಿ. ಸಿಮ್ಮಿಗೆ ಏನೂ ಆಗುವುದಿಲ್ಲ ಎಂದು ಹೇಳಲಾಗದು.

ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಇ-ಸಿಮ್, ಅಂದರೆ ಒಳಗೇ ಕೂರಿಸಿದ ಸಿಮ್, ಕೂಡ ಇರುತ್ತದೆ. ಡಾಟಾಕ್ಕೆ ಯಾವ ಸಿಮ್ ಎಂಬಲ್ಲಿ ಖಾಲಿ ಇ-ಸಿಮ್ ಆಯ್ಕೆಯಾಗಿದ್ದರೆ ನಿಮ್ಮ ಸಿಮ್ ಕಂಡರೂ ಬಳಕೆಗೆ ಬಾರದು. ಸೆಲ್ಯುಲರ್ ಪುಟದ ಮೇಲ್ಭಾಗದಲ್ಲೇ ಅದನ್ನು ಬದಲಿಸಬಹುದು. ಪಿನ್ ಕೇಳಿದರೆ ಊಹೆ ಮಾಡಬೇಡಿ. ಮೂರು ಸಲ ತಪ್ಪಿದರೆ ಸಿಮ್ ಪಿಯುಕೆ ಎಂಬ ಬೀಗ ತೆಗೆಯುವ ಸಂಖ್ಯೆ ಕೇಳುತ್ತದೆ. ಅದು ಹತ್ತು ಸಲ ತಪ್ಪಿದರೆ ಸಿಮ್ ಮತ್ತೆ ಏಳುವುದಿಲ್ಲ, ಬೇರೆ ತೆಗೆದುಕೊಳ್ಳಬೇಕು.

ಟವರ್ ಒಪ್ಪಿದೆಯೇ? ನಮ್ಮೂರಿನ ದೋಷ ಹೆಚ್ಚಾಗಿ ಇಲ್ಲಿಯೇ

ಅಣ್ಣನ ಮಗ ಬೆಂಗಳೂರಿನಿಂದ ಬಂದಿದ್ದ. ಆಫೀಸಿನ ಲ್ಯಾಪ್‌ಟಾಪ್, ಅದರೊಳಗೆ ಆಫೀಸಿನದೇ ಸಿಮ್. ಅಲ್ಲಿ ಚೆನ್ನಾಗಿ ನಡೆಯುತ್ತಿತ್ತಂತೆ. ವಿಟ್ಲ ದಾಟಿ ಸಾರಡ್ಕ ಇಳಿದು ಮನೆಗೆ ಬಂದ ಮೇಲೆ ಇಲ್ಲ. ಮೇಲೆ ನಾಲ್ಕು ಕಡ್ಡಿ ರೇಂಜ್ ಕಾಣುತ್ತದೆ, ಕಂಪನಿಯ ಹೆಸರೂ ಕಾಣುತ್ತದೆ, ಕನೆಕ್ಟ್ ಆಗುವುದಿಲ್ಲ. ಎರಡು ದಿನ ಅವನು ಏನೆಲ್ಲ ಮಾಡಿದ. ಡ್ರೈವರ್ ತೆಗೆದು ಹಾಕಿದ. ನೆಟ್‌ವರ್ಕ್ ರಿಸೆಟ್ ಮಾಡಿದ. ಆಮೇಲೆ ನನ್ನ ಹತ್ತಿರ ಬಂದ. "ಅತ್ತೆ, ಇದೇ ಸಿಮ್ ಫೋನಿನಲ್ಲಿ ಓಡ್ತದೆ. ಹಾಗಾದ್ರೆ ಲ್ಯಾಪ್‌ಟಾಪೇ ಹಾಳಾದದ್ದಲ್ವಾ?" ಎಂದು ಕೇಳಿದ.

ಹಾಳಾಗಿರಲಿಲ್ಲ. ಆಜ್ಞೆ ಟೈಪ್ ಮಾಡುವ ಕಮಾಂಡ್ ಪ್ರಾಂಪ್ಟ್ ತೆರೆದು ನೆಟ್‌ಶ್ ಎಂಬಿಎನ್ ಶೋ ಇಂಟರ್‌ಫೇಸಸ್ (netsh mbn show interfaces) ಎಂದು ಕೊಟ್ಟೆವು. ಬಂದ ಸಾಲುಗಳಲ್ಲಿ ಒಂದು ರೋಮಿಂಗ್ ಎಂದು. ಅದರ ಎದುರು ರೋಮಿಂಗ್‌ನಲ್ಲಿದೆ ಎಂದಿತ್ತು. ಸೆಲ್ಯುಲರ್ ಪುಟದಲ್ಲಿ ಡಾಟಾ ರೋಮಿಂಗ್ ಆಪ್ಷನ್ಸ್ ನೋಡಿದರೆ ಡೋಂಟ್ ರೋಮ್ ಎಂದಿತ್ತು. ಅದನ್ನು ರೋಮ್ ಎಂದು ಬದಲಿಸಿ ಕನೆಕ್ಟ್ ಒತ್ತಿದೆವು. ಬಂತು. ಅವನ ಫೋನಿನಲ್ಲಿ ಡಾಟಾ ರೋಮಿಂಗ್ ಯಾವತ್ತೋ ಆನ್ ಮಾಡಿಟ್ಟಿದ್ದ. ಹಾಗಾಗಿ ಅಲ್ಲಿ ಓಡುತ್ತಿತ್ತು. ವಿಂಡೋಸ್ ತಾನಾಗಿ ಇಡುವುದು ಡೋಂಟ್ ರೋಮ್.

ಇದು ಯಾಕೆ ಹೀಗೆ ಎಂದು ಅರ್ಥ ಮಾಡಿಕೊಂಡರೆ ಇನ್ನೆಂದೂ ಮರೆಯುವುದಿಲ್ಲ. ದೂರವಾಣಿ ಲೆಕ್ಕದಲ್ಲಿ ನಮ್ಮ ದೇಶವನ್ನು 22 ವೃತ್ತಗಳಾಗಿ ಹಂಚಿದ್ದಾರೆ. ಕೇರಳ ಒಂದು, ಕರ್ನಾಟಕ ಇನ್ನೊಂದು. ಒಂದೇ ಕಂಪನಿ ಆದರೂ ಪ್ರತಿ ವೃತ್ತಕ್ಕೂ ಅದರ ಸಂಕೇತ ಸಂಖ್ಯೆ ಬೇರೆ. ಏರ್‌ಟೆಲ್‌ಗೆ ಕೇರಳದಲ್ಲಿ 404 95, ಕರ್ನಾಟಕದಲ್ಲಿ 404 45. ಬಿಎಸ್‌ಎನ್‌ಎಲ್‌ಗೆ ಕೇರಳದಲ್ಲಿ 404 72, ಕರ್ನಾಟಕದಲ್ಲಿ 404 71. ಸಿಮ್ಮಿನೊಳಗೆ ಅದರ ತವರಿನ ಸಂಖ್ಯೆ ಬರೆದಿರುತ್ತದೆ. ಟವರ್ ತನ್ನ ಸಂಖ್ಯೆಯನ್ನು ಸಾರುತ್ತಾ ಇರುತ್ತದೆ. ಎರಡೂ ಹೊಂದದಿದ್ದರೆ ಕಾರ್ಡ್ ಅದನ್ನು ರೋಮಿಂಗ್ ಎಂದು ಹೇಳಬಹುದು. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತಲ್ಲ, ಆ ಗೆರೆ ಸಿಮ್ಮಿನೊಳಗೂ ಉಂಟು. ಆದರೆ ರೇಡಿಯೊ ಅಲೆಗೆ ಆ ಗೆರೆ ಗೊತ್ತಿಲ್ಲ. ನಮ್ಮ ಉಪ್ಪರಿಗೆಯ ಉತ್ತರದ ಕಿಟಕಿಯಲ್ಲಿ ಕರ್ನಾಟಕದ ಟವರ್ ಸಿಗುತ್ತದೆ. ಕೆಳಗೆ ಚಾವಡಿಯಲ್ಲಿ ಕೇರಳದ್ದು. ಪುತ್ತೂರಿನಲ್ಲಿ ತೆಗೆದ ಸಿಮ್ ಆದರೂ, ಕಾಸರಗೋಡಿನಲ್ಲಿ ತೆಗೆದ ಸಿಮ್ ಆದರೂ ಒಂದಲ್ಲ ಒಂದು ಕೋಣೆಯಲ್ಲಿ ಅದು ಪರವೂರಿನಲ್ಲಿ ಇದ್ದಂತೆಯೇ. ತಲಪಾಡಿ, ಮಂಜೇಶ್ವರ, ಪೈವಳಿಕೆ, ಬಾಯಾರು, ಅಡ್ಕಸ್ಥಳ, ಗಾಳಿಮುಖ, ಈ ಕಡೆಯವರೆಲ್ಲ ಈ ಒಂದು ಸ್ವಿಚ್ಚನ್ನು ಮೊದಲೇ ಆನ್ ಮಾಡಿಟ್ಟುಕೊಳ್ಳುವುದು ಒಳ್ಳೆಯದು.

ದುಡ್ಡು ಜಾಸ್ತಿ ಹೋಗುತ್ತದೆಯೇ ಎಂದು ಎಲ್ಲರೂ ಕೇಳುತ್ತಾರೆ. ಈಗಿನ ಸಾಮಾನ್ಯ ಪ್ಲಾನ್‌ಗಳಲ್ಲಿ ದೇಶದೊಳಗಿನ ರೋಮಿಂಗ್‌ಗೆ ಬೇರೆ ಶುಲ್ಕ ಇಲ್ಲ. ಆಫೀಸಿನ ಸಿಮ್ ಆದರೆ ಒಮ್ಮೆ ಅವರಲ್ಲಿ ಕೇಳಿ. ವಿದೇಶಕ್ಕೆ ಹೋಗುವಾಗ ಮಾತ್ರ ನೆನಪಿಟ್ಟು ಆಫ್ ಮಾಡಿ. ನಮ್ಮ ಕಡೆ ಗಲ್ಫ್‌ಗೆ ಹೋಗಿ ಬರುವವರು ಬಹಳ, ಅಲ್ಲಿ ಇದೇ ಸ್ವಿಚ್ ದೊಡ್ಡ ಬಿಲ್ ತರಬಹುದು.

ರೋಮಿಂಗ್ ಆನ್ ಇದ್ದೂ ರೇಂಜ್ ಹುಡುಕುತ್ತಲೇ ಇದ್ದರೆ ಮೊಬೈಲ್ ಆಪರೇಟರ್ ಸೆಟ್ಟಿಂಗ್ಸ್‌ಗೆ ಹೋಗಿ. ನೆಟ್‌ವರ್ಕ್ ಸೆಲೆಕ್ಷನ್ ಆಟೋಮ್ಯಾಟಿಕ್ ಇದೆಯೇ ನೋಡಿ. ಹಿಂದೆ ಯಾವಾಗಲೋ ಕೈಯಲ್ಲಿ ಒಂದನ್ನು ಆರಿಸಿ ಇಟ್ಟಿದ್ದರೆ, ಈಗ ಅದು ಸಿಗದ ಜಾಗದಲ್ಲಿ ಕಾರ್ಡ್ ಸುಮ್ನೆ ಕಾಯುತ್ತಾ ಕೂರುತ್ತದೆ.

ಕಾರ್ಡ್‌ಗೆ ಕೇಳಿಸದ ಬ್ಯಾಂಡ್

ಫೋನಿಗೆ ರೇಂಜ್ ಉಂಟು, ಲ್ಯಾಪ್‌ಟಾಪ್‌ಗೆ ಒಂದು ಕಡ್ಡಿಯೂ ಇಲ್ಲ. ಪೇಟೆಯಲ್ಲಿ ಬರುತ್ತದೆ, ಮನೆಯಲ್ಲಿ ಇಲ್ಲ. ಹೀಗಾದರೆ ಕಾರ್ಡ್‌ನ ಬ್ಯಾಂಡ್ ಪಟ್ಟಿ ನೋಡಬೇಕು. ಬ್ಯಾಂಡ್ ಎಂದರೆ ಟವರ್ ಮಾತಾಡುವ ರೇಡಿಯೊ ಅಲೆಯ ಒಂದು ಭಾಗ, ಒಂದೊಂದಕ್ಕೂ ಒಂದು ಸಂಖ್ಯೆ. ಆಗ ಹೇಳಿದ ಆಜ್ಞೆಯಲ್ಲೇ ಮಾಡೆಲ್ ಎಂಬ ಸಾಲಿನಲ್ಲಿ ಕಾರ್ಡ್ ಹೆಸರು ಬರುತ್ತದೆ.

ನಮ್ಮ ದೇಶದ 4ಜಿ ಹಲವು ಬ್ಯಾಂಡ್‌ಗಳಲ್ಲಿ ಹಂಚಿಹೋಗಿದೆ. ಜಿಯೋಗೆ 3, 5, 40. ಏರ್‌ಟೆಲ್‌ಗೆ 1, 3, 8, 40. ಬಿಎಸ್‌ಎನ್‌ಎಲ್‌ನ ಹೊಸ 4ಜಿಗೆ 1 ಮತ್ತು 28. ಅಮೆರಿಕ, ಯೂರೋಪ್ ಕಡೆಯಿಂದ ಬಂದ ಹಳೆಯ ಲ್ಯಾಪ್‌ಟಾಪ್‌ಗಳಲ್ಲಿ ಸಿಯೆರಾ ಇಎಂ7455 ಎಂಬ ಕಾರ್ಡ್ ಬಹಳ ಕಾಣುತ್ತದೆ. ಒಳ್ಳೆಯ ಕಾರ್ಡ್. ಆದರೆ ಅದಕ್ಕೆ 40 ಇಲ್ಲ, 28 ಇಲ್ಲ. ಹತ್ತಿರದ ಟವರ್ 28ರಲ್ಲಿ ಮಾತ್ರ ಮಾತಾಡುತ್ತಿದ್ದರೆ ಈ ಕಾರ್ಡ್‌ಗೆ ಅದು ಕೇಳಿಸುವುದೇ ಇಲ್ಲ. ಅದರ ಜತೆಯ ಇಎಂ7430 ನಮ್ಮ ಏಷ್ಯಾದ ಕಡೆಗೆ ಮಾಡಿದ್ದು, ಅದರಲ್ಲಿ ಎರಡೂ ಉಂಟು. ಫಿಬೊಕಾಮ್ ಎಲ್850-ಜಿಎಲ್ ಕಾರ್ಡ್‌ನಲ್ಲೂ ಎರಡೂ ಉಂಟು. 3ಜಿ ಮಾತ್ರ ಇರುವ ತೀರಾ ಹಳೆಯ ಕಾರ್ಡ್‌ಗಳಿಗೆ ಈಗ ಆಸೆ ಬಿಡುವುದೇ ಸರಿ. ಜಿಯೋ 2016ರಲ್ಲಿ ಶುರುವಾದದ್ದೇ 4ಜಿಯಿಂದ. ಬೇರೆಯವರೂ 3ಜಿ ಮುಚ್ಚುತ್ತಾ ಬಂದರು.

ಬ್ಯಾಂಡ್ ಸರಿ ಇದ್ದೂ ರೇಂಜ್ ಕಡಿಮೆ ಎಂದಾದರೆ ಆಂಟೆನಾ ನೋಡಿ. ಅದು ಹೆಚ್ಚಾಗಿ ಪರದೆಯ ಸುತ್ತ ಇರುತ್ತದೆ. ಅಲ್ಲಿಂದ ಕೂದಲಿನಂಥ ವಯರ್ ಕೀಲಿನ ಮೂಲಕ ಇಳಿದು ಕಾರ್ಡ್‌ಗೆ ಬರುತ್ತದೆ. ನೆರೆಮನೆಯ ಹುಡುಗಿಯ ಲ್ಯಾಪ್‌ಟಾಪ್‌ಗೆ ಪರದೆ ಬದಲಿಸಿದ ಮೇಲೆ ಒಂದೇ ಕಡ್ಡಿ ಬರುತ್ತಿತ್ತು. ಬಿಚ್ಚಿ ನೋಡಿದರೆ ಎರಡರಲ್ಲಿ ಒಂದು ವಯರ್ ಸಿಕ್ಕಿಸದೆ ಹಾಗೇ ಬಿಟ್ಟಿದ್ದರು. ಅವಳು ಆರು ತಿಂಗಳು ಟವರನ್ನೇ ಬೈದಿದ್ದಳು. 4ಜಿ ಕಾರ್ಡ್‌ಗೆ ಎರಡು ವಯರ್, ಎರಡೂ ಬೇಕು. ಥಿಂಕ್‌ಪ್ಯಾಡ್‌ನಲ್ಲಿ ಕೆಂಪು ಮುಖ್ಯದ್ದು, ನೀಲಿ ಸಹಾಯದ್ದು. ಬೂದು ಮತ್ತು ಕಪ್ಪು ವೈಫೈಯದು, ಅದನ್ನು ಇಲ್ಲಿಗೆ ಹಾಕಬೇಡಿ. ಆ ಸಣ್ಣ ಗುಂಡಿ ಬಹಳ ನಾಜೂಕು. ನೇರ ಇಟ್ಟು ಬೆರಳಲ್ಲಿ ಒತ್ತಿದರೆ ಟಕ್ ಎಂದು ಕೂರುತ್ತದೆ. ಓರೆಯಾಗಿ ಒತ್ತಿದರೆ ಮುರಿಯುತ್ತದೆ. ಕೈ ನಡುಗುವವರು ಬೇರೆಯವರಿಂದ ಮಾಡಿಸಿ. ಪರದೆಯನ್ನೋ ಕೀಲನ್ನೋ ರಿಪೇರಿ ಮಾಡಿಸಿದರೆ ಅಂಗಡಿಯಿಂದ ಹೊರಡುವ ಮೊದಲು ಅಲ್ಲೇ ಸಿಮ್ ಹಾಕಿ ನೋಡಿ.

ಡಾಟಾ ಕೊಂಡಿ ಮತ್ತು ಎಪಿಎನ್

ಟವರ್ ಒಪ್ಪಿದೆ, ರೋಮಿಂಗ್ ಆನ್ ಇದೆ, ಕನೆಕ್ಟ್ ಒತ್ತಿದರೆ ಸುತ್ತಿ ಸುತ್ತಿ ಸೋಲುತ್ತದೆ. ಇದು ಎಪಿಎನ್. ಕಂಪನಿಯ ಯಾವ ಬಾಗಿಲಿನಿಂದ ನೆಟ್‌ಗೆ ಹೋಗಬೇಕು ಎಂಬ ಹೆಸರು ಅದು. ಹೆಚ್ಚಾಗಿ ವಿಂಡೋಸ್‌ಗೆ ತಾನಾಗಿ ಗೊತ್ತಾಗುತ್ತದೆ. ಗೊತ್ತಾಗದಿದ್ದರೆ ಮೊಬೈಲ್ ಆಪರೇಟರ್ ಸೆಟ್ಟಿಂಗ್ಸ್‌ನಲ್ಲಿ ಆ್ಯಡ್ ಎಪಿಎನ್ ಕೊಟ್ಟು ನೀವೇ ಬರೆಯಬೇಕು. ಜಿಯೋಗೆ ಜಿಯೋನೆಟ್. ಏರ್‌ಟೆಲ್‌ಗೆ ಏರ್‌ಟೆಲ್‌ಜಿಪಿಆರ್‌ಎಸ್ ಡಾಟ್ ಕಾಮ್. ಬಿಎಸ್‌ಎನ್‌ಎಲ್‌ಗೆ ಬಿಎಸ್‌ಎನ್‌ಎಲ್‌ನೆಟ್. ಎಲ್ಲ ಇಂಗ್ಲಿಷ್ ಸಣ್ಣಕ್ಷರ, ನಡುವೆ ಖಾಲಿ ಜಾಗ ಬೇಡ. ಬಳಕೆದಾರರ ಹೆಸರು, ಪಾಸ್‌ವರ್ಡ್ ಖಾಲಿ ಬಿಡಿ. ಐಪಿ ಟೈಪ್ ಎಂಬಲ್ಲಿ ಐಪಿವಿ4 ಮತ್ತು ಐಪಿವಿ6 (ನೆಟ್ ವಿಳಾಸದ ಎರಡು ಬಗೆ) ಎರಡೂ ಇರುವುದನ್ನು ಆರಿಸಿ. ಒಂದನ್ನು ಮಾತ್ರ ಕೊಟ್ಟರೆ ಕೊಂಡಿ ಎದ್ದರೂ ಅರ್ಧ ಪುಟಗಳು ತೆರೆಯದೆ ಇರಬಹುದು. ಕೊನೆಗೆ ಈ ಪ್ರೊಫೈಲ್ ಬಳಸಿ ಎಂಬುದಕ್ಕೆ ಗುರುತು ಹಾಕಿ. ಅದನ್ನು ಬಿಟ್ಟರೆ ಬರೆದದ್ದು ಉಳಿಯುತ್ತದೆ, ಕೆಲಸಕ್ಕೆ ಬರುವುದಿಲ್ಲ.

ಆಫೀಸಿನ ಸಿಮ್‌ಗಳಿಗೆ ಬೇರೆಯೇ ಎಪಿಎನ್ ಇರಬಹುದು. ಅದನ್ನು ಅವರೇ ಹೇಳಬೇಕು.

ಕನೆಕ್ಟೆಡ್ ಎನ್ನುತ್ತದೆ, ನೆಟ್ ಇಲ್ಲ

ನಮ್ಮ ಮನೆಯಲ್ಲಿ ಇದು ಮೊದಲ ಮಳೆಗಾಲದಲ್ಲೇ ಆಯಿತು. ಫೈಬರ್ ತುಂಡಾಗಿದೆ. ಆದರೆ ಇನ್‌ವರ್ಟರ್‌ನಿಂದಾಗಿ ರೂಟರ್ ಉರಿಯುತ್ತಲೇ ಇದೆ. ಲ್ಯಾಪ್‌ಟಾಪ್ ವೈಫೈಗೆ ಅಂಟಿಕೊಂಡಿದೆ. ವಿಂಡೋಸ್‌ಗೆ ಸಿಮ್ಮಿಗಿಂತ ವೈಫೈ ಮೇಲೆ ಪ್ರೀತಿ ಜಾಸ್ತಿ. ವೈಫೈ ಆಫ್ ಮಾಡಿದ ಕೂಡಲೇ ಸಿಮ್ಮಿನಿಂದ ನೆಟ್ ಬಂತು. ಸೆಲ್ಯುಲರ್ ಪುಟದಲ್ಲಿ ವೈಫೈ ಬದಲು ಸೆಲ್ಯುಲರ್ ಬಳಸುವ ಆಯ್ಕೆ ಉಂಟು. ವೈಫೈ ಕೆಟ್ಟಾಗ ಎಂದು ಇಡಬಹುದು. ನಾನು ಅದನ್ನು ನಂಬಿ ಕೂರುವುದಿಲ್ಲ, ಕೈಯಲ್ಲೇ ವೈಫೈ ಆಫ್ ಮಾಡುತ್ತೇನೆ.

ಅದಲ್ಲವಾದರೆ ಪಿಂಗ್ 8.8.8.8 ಎಂದು ಕೊಟ್ಟು ನೋಡಿ. ಉತ್ತರ ಬಂದು ಪುಟ ಮಾತ್ರ ತೆರೆಯದಿದ್ದರೆ ದೋಷ ಡಿಎನ್‌ಎಸ್‌ನಲ್ಲಿ (ಪುಟದ ಹೆಸರಿನಿಂದ ಅದರ ವಿಳಾಸ ಹುಡುಕುವ ವ್ಯವಸ್ಥೆ) ಅಥವಾ ವಿಪಿಎನ್‌ನಲ್ಲಿ (ಆಫೀಸಿನ ನೆಟ್‌ವರ್ಕ್‌ಗೆ ಹೋಗುವ ಸುರಕ್ಷಿತ ದಾರಿ). ವಿಪಿಎನ್ ಬಂದ್ ಮಾಡಿ ನೋಡಿದರೆ ಗೊತ್ತಾಗುತ್ತದೆ.

ನೆಟ್ ಇದೆ, ಆದರೆ ಆಮೆ ನಡಿಗೆ ಎಂದಾದರೆ ಡಾಟಾ ಮುಗಿದಿರುತ್ತದೆ. ಇಲ್ಲೊಂದು ಎಡವುವ ಜಾಗ ಉಂಟು. ಫೋನಿನಲ್ಲಿ ಅನಿಯಮಿತ 5ಜಿ ಎಂದು ಸಿಗುವ ಪ್ಲಾನ್ ಅನ್ನು ಜನ ಲ್ಯಾಪ್‌ಟಾಪ್‌ಗೆ ಹಾಕುತ್ತಾರೆ. ಲ್ಯಾಪ್‌ಟಾಪ್‌ನ ಕಾರ್ಡ್ 4ಜಿ ಆದರೆ ಆ ಅನಿಯಮಿತ ಇಲ್ಲಿ ಇಲ್ಲ. ಪ್ಲಾನ್‌ನಲ್ಲಿ ಹೇಳಿದ ದಿನದ ಜಿಬಿ ಮಾತ್ರ. ಅದು ಮುಗಿದರೆ ವೇಗ 64 ಕೆಬಿಪಿಎಸ್‌ಗೆ ಇಳಿಯುತ್ತದೆ. ಒಂದು ವಿಡಿಯೊ ಮೀಟಿಂಗ್ ಆಗಿ, ಹಿಂದಿನಿಂದ ಅಪ್‌ಡೇಟ್ ಇಳಿದರೆ ಮಧ್ಯಾಹ್ನದ ಊಟಕ್ಕೆ ಮೊದಲೇ ಎಲ್ಲ ಮುಗಿಯುತ್ತದೆ. ಸೆಲ್ಯುಲರ್ ಪುಟದಲ್ಲಿ ಮೀಟರ್ಡ್ ಕನೆಕ್ಷನ್ ಆನ್ ಇರಲಿ. ಆಗ ಅಪ್‌ಡೇಟ್‌ಗಳು ತಾಳ್ಮೆಯಿಂದ ಕಾಯುತ್ತವೆ. ಫೈಲ್‌ಗಳು ಕ್ಲೌಡ್‌ಗೆ ಹೋಗದೆ ನಿಂತರೆ ಇದೇ ಕಾರಣ ಆಗಿರಬಹುದು, ಅದನ್ನು ದೋಷ ಎಂದು ತಿಳಿಯಬೇಡಿ.

ಲಿನಕ್ಸ್ ಇರುವವರಿಗೆ

ಕೇರಳದ ಶಾಲೆಗಳಲ್ಲಿ ವಿಂಡೋಸ್ ಬದಲು ಸರ್ಕಾರದ ಕೈಟ್ ಸಂಸ್ಥೆಯ ಲಿನಕ್ಸ್ ನಡೆಯುತ್ತದೆ. ಅದಕ್ಕಾಗಿ ನಮ್ಮ ಕನ್ನಡ ಮಾಧ್ಯಮದ ಮೇಷ್ಟ್ರು, ಟೀಚರುಗಳಿಗೆ ಲಿನಕ್ಸ್ ಹೊಸತಲ್ಲ. ಮನೆಯ ಲ್ಯಾಪ್‌ಟಾಪ್‌ಗೂ ಹಾಕಿಕೊಂಡವರಿದ್ದಾರೆ. ಅವರಿಗೆ ಕೆಲಸ ಇನ್ನೂ ಸುಲಭ, ಯಾಕೆಂದರೆ ಎಂಎಂಸಿಎಲ್‌ಐ ಎಂಬ ಆಜ್ಞೆ ಎಲ್ಲವನ್ನೂ ಒಂದೇ ಪುಟದಲ್ಲಿ ತೋರಿಸುತ್ತದೆ. ಎಂಎಂಸಿಎಲ್‌ಐ ಜತೆ ಅಡ್ಡಗೆರೆ ಮತ್ತು ದೊಡ್ಡ ಎಲ್ ಕೊಟ್ಟರೆ ಕಾರ್ಡ್ ಪಟ್ಟಿ ಬರುತ್ತದೆ. ಅಡ್ಡಗೆರೆ, ಸಣ್ಣ ಎಂ, ಜಾಗ ಬಿಟ್ಟು ಆ ಪಟ್ಟಿಯಲ್ಲಿನ ಸಂಖ್ಯೆ ಕೊಟ್ಟರೆ ವಿವರ. ಸಿಮ್ ಇಲ್ಲ ಎಂದೋ, ಹುಡುಕುತ್ತಿದೆ ಎಂದೋ, ತವರಿನಲ್ಲಿದೆ, ರೋಮಿಂಗ್‌ನಲ್ಲಿದೆ ಎಂದೋ ಸ್ಪಷ್ಟ ಬರೆದಿರುತ್ತದೆ. ಟವರಿನ ಸಂಕೇತ ಸಂಖ್ಯೆಯೂ ಅಲ್ಲೇ. 40495 ಕಂಡರೆ ಏರ್‌ಟೆಲ್ ಕೇರಳ, 40445 ಕಂಡರೆ ಏರ್‌ಟೆಲ್ ಕರ್ನಾಟಕ.

ಆ ಪುಟದಲ್ಲಿ ಪವರ್ ಸ್ಟೇಟ್ ಲೋ ಎಂದೇ ಉಳಿದರೆ ಅದು ಬೇರೆ ಕಥೆ. ಕೆಲವು ಲ್ಯಾಪ್‌ಟಾಪ್ ಕಂಪನಿಗಳು ಕಾರ್ಡ್‌ಗೆ ಎಫ್‌ಸಿಸಿ (ಅಮೆರಿಕದ ದೂರಸಂಪರ್ಕ ನಿಯಂತ್ರಣ ಸಂಸ್ಥೆ) ಹೆಸರಿನ ಬೀಗ ಹಾಕಿಟ್ಟಿರುತ್ತವೆ. ಪ್ರತಿ ಸಲ ಯಂತ್ರ ಎದ್ದಾಗ ಅದನ್ನು ತೆಗೆಯಬೇಕು. ವಿಂಡೋಸ್‌ನಲ್ಲಿ ಡ್ರೈವರ್ ತೆಗೆಯುತ್ತದೆ. ಲಿನಕ್ಸ್‌ನಲ್ಲಿ ಕಾರ್ಡ್ ನಡೆಸುವ ಮೋಡೆಮ್‌ಮ್ಯಾನೇಜರ್ ತಂತ್ರಾಂಶ ಮೊದಲು ತಾನೇ ತೆಗೆಯುತ್ತಿತ್ತು. 1.18.4ನೇ ಆವೃತ್ತಿಯಿಂದ ಅದನ್ನು ನಾವಾಗಿ ಒಪ್ಪಿ ಚಾಲೂ ಮಾಡಬೇಕು. ಮೋಡೆಮ್‌ಮ್ಯಾನೇಜರ್ ಜತೆಗೇ ಬರುವ ಎಫ್‌ಸಿಸಿ ಅನ್‌ಲಾಕ್ ಅವೈಲೆಬಲ್ ಎಂಬ ಫೋಲ್ಡರ್‌ನಲ್ಲಿ ನಿಮ್ಮ ಕಾರ್ಡ್ ಗುರುತಿನ ಫೈಲ್ ಇದ್ದರೆ, ಅದಕ್ಕೆ ಇಟಿಸಿ ಕೆಳಗಿನ ಎಫ್‌ಸಿಸಿ ಅನ್‌ಲಾಕ್ ಫೋಲ್ಡರ್‌ನಿಂದ ಕೊಂಡಿ ಮಾಡಿ ಮತ್ತೆ ಚಾಲೂ ಮಾಡಿದರೆ ಆಯಿತು. ಇದು ಗೊತ್ತಿಲ್ಲದೆ ಒಳ್ಳೆಯ ಕಾರ್ಡನ್ನು ಕೆಟ್ಟಿತೆಂದು ಬಿಸಾಡಬೇಡಿ.

ಬರುತ್ತದೆ, ಹೋಗುತ್ತದೆ

ನಿದ್ದೆಯಿಂದ ಎಬ್ಬಿಸಿದಾಗ ಮಾತ್ರ ನೆಟ್ ಇಲ್ಲವಾದರೆ ಡಿವೈಸ್ ಮ್ಯಾನೇಜರ್‌ನಲ್ಲಿ ಕಾರ್ಡ್ ಮೇಲೆ ಎರಡು ಸಲ ಒತ್ತಿ. ಪವರ್ ಮ್ಯಾನೇಜ್‌ಮೆಂಟ್‌ನಲ್ಲಿ, ಕರೆಂಟ್ ಉಳಿಸಲು ಈ ಸಾಧನವನ್ನು ಬಂದ್ ಮಾಡಬಹುದು ಎಂಬ ಗುರುತು ತೆಗೆಯಿರಿ. ಆ ಪುಟ ಎಲ್ಲ ಲ್ಯಾಪ್‌ಟಾಪ್‌ಗಳಲ್ಲಿ ಇರುವುದಿಲ್ಲ. ಇಲ್ಲವಾದರೆ ಏರೋಪ್ಲೇನ್ ಮೋಡ್ ಒಮ್ಮೆ ಆನ್ ಮಾಡಿ ಆಫ್ ಮಾಡಿದರೆ ಹೆಚ್ಚಾಗಿ ಸರಿಯಾಗುತ್ತದೆ.

ಕೆಲಸದ ನಡುವೆ ಕಡಿಯುವುದು ಗಡಿಯ ಮನೆಗಳ ದೊಡ್ಡ ತಲೆನೋವು. ಎರಡು ಕಡೆಯ ಟವರೂ ಸಣ್ಣದಾಗಿ ಸಿಗುವ ಕೋಣೆಯಲ್ಲಿ ಕಾರ್ಡ್ ಅತ್ತ ಇತ್ತ ಹಾರುತ್ತದೆ. ಒಂದು ವೃತ್ತದಿಂದ ಇನ್ನೊಂದಕ್ಕೆ ಹಾರುವಾಗ ಅದು ಹೊಸದಾಗಿ ಹೆಸರು ಬರೆಸಿಕೊಳ್ಳಬೇಕು, ಐಪಿ ವಿಳಾಸವೂ ಬದಲಾಗಬಹುದು. ಪುಟ ಓದುವವರಿಗೆ ಇದು ಗೊತ್ತೇ ಆಗದು. ವಿಪಿಎನ್ ಅಥವಾ ವಿಡಿಯೊ ಮೀಟಿಂಗ್ ಆದರೆ ಅಲ್ಲೇ ಕಡಿಯುತ್ತದೆ. ಇದಕ್ಕೆ ಮದ್ದು ನೆಟ್‌ವರ್ಕ್ ಸೆಲೆಕ್ಷನ್‌ನಲ್ಲಿ ಆಟೋಮ್ಯಾಟಿಕ್ ತೆಗೆದು ಒಂದನ್ನು ಕಟ್ಟಿ ಹಾಕುವುದು. ಹುಡುಕಿದಾಗ ಒಂದೇ ಕಂಪನಿಯ ಹೆಸರು ಎರಡು ಸಲ ಕಾಣಬಹುದು. ಒಂದನ್ನು ಆರಿಸಿ, ಅರ್ಧ ದಿನ ನಡೆಸಿ, ಆಮೇಲೆ ಇನ್ನೊಂದನ್ನು ನೋಡಿ. ಕಡಿಯದೆ ನಿಂತದ್ದು ಯಾವುದೋ ಅದು ನಿಮ್ಮದು. ಬೇರೆ ಊರಿಗೆ ಹೋಗುವಾಗ ಮತ್ತೆ ಆಟೋಮ್ಯಾಟಿಕ್ ಮಾಡಲು ಮರೆಯಬೇಡಿ.

ಇದರಿಂದಲೂ ಆಗದಿದ್ದರೆ ಜಾಗ ಬದಲಿಸಿ. ನಮ್ಮ ಮುರಕಲ್ಲಿನ ದಪ್ಪ ಗೋಡೆ, ಮೇಲೆ ತಗಡು ಹಾಸಿದ ಅಂಗಳ, ಎರಡೂ ಅಲೆಯನ್ನು ತಡೆಯುತ್ತವೆ. ಫೋನಿನಲ್ಲಿ ಸಿಮ್ ಸ್ಟೇಟಸ್ ಎಂಬಲ್ಲಿ ರೇಂಜಿನ ಬಲ ಹೇಳುವ ಡಿಬಿಎಂ ಎಂಬ ಸಂಖ್ಯೆ ಸಿಗುತ್ತದೆ, ಮೈನಸ್ ಗುರುತಿನೊಂದಿಗೆ. 4ಜಿಯಲ್ಲಿ ಮೈನಸ್ 90ರ ಆಸುಪಾಸು ಇದ್ದರೆ ಚೆನ್ನ. 110 ದಾಟಿದರೆ ಕಷ್ಟ. 120ಕ್ಕೆ ಹೋದರೆ ಕುಳಿತು ಪ್ರಯೋಜನ ಇಲ್ಲ. ಫೋನ್ ಹಿಡಿದು ಮನೆಯಿಡೀ ಮೆಲ್ಲಗೆ ನಡೆಯಿರಿ. ಪ್ರತಿ ಜಾಗದಲ್ಲಿ ಅರ್ಧ ನಿಮಿಷ ನಿಂತು ಸಂಖ್ಯೆ ಬರೆದುಕೊಳ್ಳಿ. ನಾನು ಹಾಗೆ ನಡೆದಾಗ ಚಾವಡಿಯ ಮೇಜಿನಲ್ಲಿ 114 ಇತ್ತು. ಉಪ್ಪರಿಗೆಯ ಕಿಟಕಿಯ ಪಕ್ಕ, ಅಡಿಕೆ ಚೀಲ ಇಡುವ ಮೂಲೆಯಲ್ಲಿ 93. ಚೀಲಗಳನ್ನು ಆಚೆಗೆ ಸರಿಸಿ ಮೇಜನ್ನು ಅಲ್ಲಿಗೆ ಒಯ್ದೆವು.